ಎಂದಿನಿಂದ ಸುರು ಮಾಡೋಣ?

ದೀಪಾವಳಿಯ ಸೂಟಿಗೆ ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಿಂದ ಧಾರವಾಡಕ್ಕೆ ಬಂದಿದ್ದರು. ಪಾಡ್ಯದ ದಿನ ಊಟ ಮುಗಿಸಿ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದಾಗ ಮಗ ತನ್ನ ಚೀಲದಿಂದ ಒಂದು ದಪ್ಪ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟ. ಸೈನಿಕ ಶಾಲೆಯ ಆರನೆಯ ಇಯತ್ತೆಗೆ ಸೇರಬಯಸುವ ಮಕ್ಕಳನ್ನು ಪ್ರವೇಶ ಪರೀಕ್ಷೆಗೆ ಅಣಿಗೊಳಿಸುವ ಪುಸ್ತಕ. ಮೊಮ್ಮಗಳಿಗೆ ಈಗ ಎಂಟು ವರ್ಷ. ಓದುತ್ತಿರುವುದು ಮೂರನೆಯ ಇಯತ್ತೆ.

“ಅಪ್ಪಾ, ನೀವು ಗಣಿತದ ಮಾಸ್ತರು. ನೀವ ಹೇಳ್ರಿ. ಈಗಿಂದನ ಸುರು ಮಾಡಬೇಕೋ, ನಾಲ್ಕನೇತ್ತೆ ಮುಗಿದ ಮ್ಯಾಲೆ ಸುರು ಮಾಡಿದರ ಸಾಕೋ?” ಎಂದು ಕೇಳಿದ.

“ನಾಳೆ ಹೇಳತೇನಿ” ಎಂದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಇದು ಕ್ಷಣದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ ಎಂದು ಮಗ ತಿಳಿದಿದ್ದಿರಬೇಕು. ಆದರೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣವಿತ್ತು. ಆ ಕಾರಣವನ್ನು ಮುಂದೆ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ತಿರುಗಾಡಲು ಹೋದಾಗ ಜೊತೆಯ ಗೆಳೆಯರ ಮುಂದೆ ಈ ಮಾತನ್ನು ಎತ್ತಿದೆ. ಒಬ್ಬರು, “ಒಂದನೇತ್ತೆಯಿಂದನ ಸುರು ಮಾಡಬೇಕ್ರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು?” ಎಂದರು. ಇನ್ನೊಬ್ಬರು ಒಂದು ವರ್ಷದ ಅಭ್ಯಾಸ ಧಾರಾಳವಾಗಿ ಸಾಕೆಂದರು. ಮೂರನೆಯವರು ಇದೆಲ್ಲ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸವೆಂದು ನಕ್ಕುಬಿಟ್ಟರು. ಮನೆಗೆ ಬರುತ್ತ ಯೋಚಿಸಿದೆ. ಮೊದಲಿನವರ ಮೊಮ್ಮಗನಿಗೆ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ಎರಡನೆಯವರ ಮಗ ಒಂದೇ ವರ್ಷದ ಓದಿನಲ್ಲಿ ಆಯ್ಕೆಯಾಗಿದ್ದ. ಮೂರನೆಯವರ ಮನೆಯಲ್ಲಿ ಯಾರೂ ಇಂಥ ಪರೀಕ್ಷೆಗೆ ಕುಳಿತವರೇ ಅಲ್ಲ. ಮೂವರೂ ತಂತಮ್ಮ ಮನೆಯ ಕಥೆಯನ್ನೇ ಲೋಕದ ನಿಯಮವೆಂದು ನನಗೆ ಹೇಳಿದ್ದರು. ನಾನೂ ಹಾಗೆಯೇ ಮಾಡಬಹುದೆಂಬ ಅಂಜಿಕೆ ನನಗಿದೆ. ಓದುಗರು ಅದನ್ನು ಗಮನದಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಮೊದಲು ಈ ಪರೀಕ್ಷೆ ಎಂಥದೆಂದು ನೋಡೋಣ. ಸೈನಿಕ ಶಾಲೆಗಳ ಯೋಜನೆ ಹುಟ್ಟಿದ್ದು 1961ರಲ್ಲಿ, ವಿ. ಕೆ. ಕೃಷ್ಣ ಮೆನನ್ ರಕ್ಷಣಾ ಮಂತ್ರಿಗಳಾಗಿದ್ದಾಗ. ನಮ್ಮ ನಾಡಿನಲ್ಲಿ 1963ರಲ್ಲಿ ವಿಜಯಪುರದಲ್ಲಿ ಒಂದು, 2007ರಲ್ಲಿ ಕೊಡಗಿನಲ್ಲಿ ಇನ್ನೊಂದು ಆರಂಭವಾದವು. ಬಹುಕಾಲ ಗಂಡುಮಕ್ಕಳಿಗಷ್ಟೇ ಮೀಸಲಾಗಿದ್ದ ಈ ಶಾಲೆಗಳ ಬಾಗಿಲು 2021-22ರಿಂದ ಹೆಣ್ಣುಮಕ್ಕಳಿಗೂ ತೆರೆದಿದೆ. ಆರನೆಯ ಇಯತ್ತೆಗೆ ಸೇರುವ ಮಗುವಿಗೆ ಆ ವರ್ಷದ ಮಾರ್ಚ್ 31ಕ್ಕೆ 10ರಿಂದ 12 ವರ್ಷ ಆಗಿರಬೇಕು. ಈಗಿನ ಪದ್ಧತಿಯಂತೆ 150 ನಿಮಿಷಗಳಲ್ಲಿ 125 ಪ್ರಶ್ನೆಗಳು. ಒಟ್ಟು 300 ಅಂಕಗಳಲ್ಲಿ ಅರ್ಧ ಗಣಿತಕ್ಕೇ ಹೋಗುತ್ತವೆ. ಲೆಕ್ಕ ಹಾಕಿ ನೋಡಿದರೆ ಒಂದು ಪ್ರಶ್ನೆಗೆ 72 ಸೆಕೆಂಡು. ನವೋದಯ ವಿದ್ಯಾಲಯದ ಪರೀಕ್ಷೆಯಲ್ಲಿ ಎರಡು ಗಂಟೆಗೆ 80 ಪ್ರಶ್ನೆ. ಅಂದರೆ ಪ್ರಶ್ನೆಗೆ 90 ಸೆಕೆಂಡು. ಆ ಪರೀಕ್ಷೆಗೆ ಒಂದು ಮಗು ಒಂದೇ ಸಲ ಕುಳಿತುಕೊಳ್ಳಬಹುದು. ಎರಡನೆಯ ಅವಕಾಶವೆಂಬುದಿಲ್ಲ.

ಇಂಥ ಪರೀಕ್ಷೆಗೆ ಮಗುವನ್ನು ಅಣಿಗೊಳಿಸುವುದೇ ತಪ್ಪೆಂದು ಹೇಳುವವರಿದ್ದಾರೆ. ನಾನು ಅವರ ಪಕ್ಷದವನಲ್ಲ. ನವೋದಯದ ಸೀಟುಗಳಲ್ಲಿ ನೂರಕ್ಕೆ ಎಪ್ಪತ್ತೈದಾದರೂ ಹಳ್ಳಿಯ ಮಕ್ಕಳಿಗೆ ಸಲ್ಲುತ್ತವೆ. ಊಟ, ವಸತಿ, ಪಾಠ ಎಲ್ಲ ಅಲ್ಲಿಯೇ. ಪುಸ್ತಕದ ಕಪಾಟು ಇರುವ ಮನೆಯಲ್ಲಿ ಕುಳಿತು, “ಮಕ್ಕಳನ್ನು ಆಡಲು ಬಿಡಿರಿ, ಪರೀಕ್ಷೆಗಳಿಂದ ಏನು ಮಹಾ?” ಎನ್ನುವುದು ಸುಲಭ. ಆ ಕಪಾಟು ಇಲ್ಲದ ಮನೆಯ ಮಗುವಿಗೆ ಅದೊಂದೇ ಬಾಗಿಲು ಆಗಿರಬಹುದು.

ಒಬ್ಬ ಹುಡುಗನ ನೆನಪಾಗುತ್ತದೆ. ನನ್ನ ತಂಗಿಯನ್ನು ಕೊಟ್ಟ ಊರಿನ ರೈತನ ಮಗ. ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ, ಯಾರೂ ಕಳಿಸದೆ, ತಾನಾಗಿಯೇ ನನ್ನ ತಂಗಿಯ ಬೆನ್ನು ಹತ್ತಿ ನಮ್ಮ ಮನೆಗೆ ಬಂದಿದ್ದ. “ನಂಗ ನವೋದಯಕ್ಕ ಹೋಗಬೇಕ್ರಿ ಸರ. ಅಲ್ಲಿ ಎಷ್ಟ ಬೇಕಾದರೂ ಪುಸ್ತಕ ಕೊಡತಾರಂತ” ಎಂದ. ಅವರೂರಿನ ಒಬ್ಬ ದೊಡ್ಡ ಹುಡುಗ ಅಲ್ಲಿಂದ ಸೂಟಿಗೆ ಬಂದಾಗ ಕೈಯಲ್ಲಿ ಕಥೆಯ ಪುಸ್ತಕ ಇದ್ದುದನ್ನು ಇವನು ನೋಡಿದ್ದ. “ಅಲ್ಲಿ ಮನೆ ಇರೂದಿಲ್ಲ, ಅವ್ವ ಇರೂದಿಲ್ಲ, ಗೊತ್ತದ ಏನು?” ಎಂದು ಕೇಳಿದೆ. “ಗೊತ್ತೈತ್ರಿ. ಸೂಟಿಗೆ ಬರತೇನಲ್ರಿ” ಎಂದ. ಆರು ವಾರ ಕಲಿಸಿದೆ. ಉಳಿದ ತಿಂಗಳುಗಳಲ್ಲಿ ಊರ ಶಾಲೆಯ ಮಾಸ್ತರರು ಕಲಿಸಿದರು. ಹುಡುಗ ಆಯ್ಕೆಯಾದ. ಆಯ್ಕೆಯಾಗದಿದ್ದರೂ ಅವನಿಗೆ ಮೋಸವಾಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಏನನ್ನು ಬೇಡುತ್ತಿದ್ದೇನೆ, ಅದಕ್ಕೆ ಏನನ್ನು ಬಿಡಬೇಕಾಗುತ್ತದೆ ಎಂಬುದು ಅವನಿಗೆ ತಿಳಿದಿತ್ತು.

ಆದಕಾರಣ ಅಣಿಗೊಳಿಸಬೇಕೋ ಬಾರದೋ ಎಂಬ ತಕರಾರನ್ನು ಬದಿಗಿಟ್ಟು, ಎಂದಿನಿಂದ ಎಂಬ ಮಗನ ಪ್ರಶ್ನೆಗೇ ಬರುತ್ತೇನೆ.

ಗಣಿತದ ಮಾಸ್ತರನಾಗಿ ಹೇಳುವುದಾದರೆ ಉತ್ತರ ಕಷ್ಟದ್ದಲ್ಲ. ಒಂದು ರೊಟ್ಟಿಯ ಅರ್ಧ ಎಷ್ಟು, ಕಾಲು ಎಷ್ಟು ಎಂಬುದು ಐದು ವರ್ಷದ ಕೂಸಿಗೂ ಗೊತ್ತು. ಆದರೆ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸುವಾಗ ಛೇದಗಳನ್ನು ಏಕೆ ಸಮ ಮಾಡಬೇಕು ಎಂಬುದು ತಿಳಿಯಲು ಕಾಲ ಬೇಕು. ಕಾಲಕ್ಕೆ ಮುಂಚೆಯೂ ಅದನ್ನು ‘ಮಾಡಿಸಬಹುದು’. ನಿಯಮವನ್ನು ಬಾಯಿಪಾಠ ಮಾಡಿಸಿದರೆ ಮೂರನೆಯ ಇಯತ್ತೆಯ ಮಗು ಹತ್ತಕ್ಕೆ ಹತ್ತು ಲೆಕ್ಕ ಸರಿ ಮಾಡುತ್ತದೆ. ಆಮೇಲೆ ಅದೇ ಮಗುವನ್ನು, “ಮೂರರಲ್ಲೊಂದು ಪಾಲು ದೊಡ್ಡದೋ, ನಾಲ್ಕರಲ್ಲೊಂದು ಪಾಲು ದೊಡ್ಡದೋ?” ಎಂದು ಕೇಳಿ ನೋಡಿ. “ನಾಲ್ಕು ದೊಡ್ಡದು” ಎನ್ನುತ್ತದೆ. ಎಂಟನೆಯ ಇಯತ್ತೆಗೆ ಬಂದ ಮಕ್ಕಳಲ್ಲಿ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಿ ಸರಿಯುತ್ತರ ತರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಏಕೆ ತಲೆಕೆಳಗು ಎಂದರೆ ಪಿಳಿಪಿಳಿ ನೋಡುವರು. ಬೇಗ ಕಲಿತದ್ದನ್ನು ಅವರು ಮತ್ತೆ ಕಲಿಯಲೂ ಒಲ್ಲರು. ತಮಗದು ಬರುತ್ತದೆಂದೇ ಅವರ ನಂಬಿಕೆ.

ನಮ್ಮ ತಂದೆ ನವಲಗುಂದದ ಕಡೆಯ ಎರೆಭೂಮಿಯ ಒಕ್ಕಲಿಗರು. ಹಿಂಗಾರಿ ಜೋಳ ಬಿತ್ತುವ ಕಾಲಕ್ಕೆ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡುವರು. ನೆರೆಯವರು ಕೂರಿಗೆ ಹೂಡಿದರೆಂದು ತಾವೂ ಹೂಡುತ್ತಿರಲಿಲ್ಲ. ಹಸಿ ಹೆಚ್ಚಿದ್ದಾಗ ಬಿತ್ತಿದರೆ ಬೀಜ ಕೊಳೆಯುತ್ತದೆ. ಹದ ಮೀರಿದ ಮೇಲೆ ಬಿತ್ತಿದರೆ ಹುಟ್ಟುವುದೇ ಇಲ್ಲ. ಪಂಚಾಂಗ ನಕ್ಷತ್ರವನ್ನು ಹೇಳುತ್ತದೆ, ಹದವನ್ನು ಮಣ್ಣೇ ಹೇಳಬೇಕು ಎಂಬುದು ಅವರ ಮಾತು. ಮಗುವನ್ನು ಕಾಯುವುದೆಂದರೆ ಸುಮ್ಮನೆ ತಡ ಮಾಡುವುದೆಂದು ತಿಳಿಯುವವರಿಗೆ ಈ ಮಾತಿನ ಎರಡನೆಯ ಅರ್ಧವನ್ನೂ ನೆನಪಿಸಬೇಕಾಗುತ್ತದೆ.

ಈ ಅವಸರ ನಮ್ಮ ನಾಡಿಗೇ ಹುಟ್ಟಿದ ರೋಗವೆಂದೂ ತಿಳಿಯಬೇಕಾಗಿಲ್ಲ. ಇಂಗ್ಲಂಡಿನಲ್ಲಿ 1944ರ ಶಿಕ್ಷಣ ಕಾಯ್ದೆಯ ತರುವಾಯ ಹೆಚ್ಚಿನ ಊರುಗಳಲ್ಲಿ ಮಕ್ಕಳನ್ನು ಹನ್ನೊಂದರ ಸುಮಾರಿಗೆ ಒಂದು ಪರೀಕ್ಷೆಯಿಂದ ಸೋಸಿ, ಕೆಲವರನ್ನು ಗ್ರಾಮರ್ ಶಾಲೆಗೂ ಮಿಕ್ಕವರನ್ನು ಬೇರೆ ಶಾಲೆಗಳಿಗೂ ಕಳಿಸುತ್ತಿದ್ದರು. ಹುಟ್ಟುಬುದ್ಧಿಯನ್ನು ಅಳೆಯುವ ಈ ಪರೀಕ್ಷೆಗೆ ತರಬೇತಿ ನಾಟುವುದಿಲ್ಲವೆಂದು ಅದನ್ನು ತಂದವರು ನಂಬಿದ್ದರು. 1950ರ ದಶಕಕ್ಕೆ ಬರುವಷ್ಟರಲ್ಲಿ ಅಲ್ಲಿಯ ಮನಃಶಾಸ್ತ್ರಜ್ಞರೇ ತರಬೇತಿಯಿಂದ ಅಂಕಗಳು ಏರುತ್ತವೆಂದು ತೋರಿಸಿದರು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಬುದ್ಧಿಶಕ್ತಿಯ ಪ್ರಶ್ನೆಗಳಲ್ಲಿ ಈ ಏರಿಕೆ ಬಹುಮಟ್ಟಿಗೆ ಮೊದಲ ಕೆಲವು ಗಂಟೆಗಳ ಅಭ್ಯಾಸದಲ್ಲಿಯೇ ಆಗಿಹೋಗುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೊಳಪು ಹೆಚ್ಚುವುದಿಲ್ಲ. ಅಲ್ಲಿ ಹೆಚ್ಚಿನ ಕಡೆ ಆ ಪದ್ಧತಿ ಹೋಯಿತು. ಆದರೂ ಅಂಥ 163 ಗ್ರಾಮರ್ ಶಾಲೆಗಳು ಉಳಿದಿವೆ. ಅವುಗಳ ಸುತ್ತಮುತ್ತಲಿನ ತಂದೆತಾಯಂದಿರು ಇಂದಿಗೂ ನನ್ನ ಮಗನ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ.

ಇಷ್ಟಾದ ಮೇಲೆ ಉತ್ತರ ಸಿದ್ಧವಾಯಿತಲ್ಲ, ಒಂದು ವರ್ಷ ಸಾಕೆಂದು ಹೇಳಿ ಮಲಗಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ನಿದ್ದೆ ಬಾರದಿದ್ದ ಕಾರಣವನ್ನು ಈಗ ಹೇಳುತ್ತೇನೆ.

1989ರ ಜೂನಿನಲ್ಲಿ, ನಾಲ್ಕನೆಯ ಇಯತ್ತೆ ಮುಗಿಸಿದ ಇದೇ ಮಗನನ್ನು ನಾನು ಆಗಿನ ಬಿಜಾಪುರದಲ್ಲಿ ಒಬ್ಬ ಮಾಸ್ತರರ ಮನೆಯಲ್ಲಿ ಬಿಟ್ಟು ಬಂದೆ. ಹತ್ತು ಹನ್ನೆರಡು ಹುಡುಗರನ್ನು ಇಟ್ಟುಕೊಂಡು ಸೈನಿಕ ಶಾಲೆಯ ಪರೀಕ್ಷೆಗೆ ಓದಿಸುತ್ತಿದ್ದರು. ಧಾರವಾಡದಿಂದ ಸುಮಾರು 200 ಕಿಲೋಮೀಟರು. ಹುಡುಗನಿಗೆ ಹತ್ತು ತುಂಬಿರಲಿಲ್ಲ. ಆ ಮಾಸ್ತರರು ಕೆಟ್ಟವರಲ್ಲ. ಹೊಟ್ಟೆ ತುಂಬ ಹಾಕುತ್ತಿದ್ದರು, ಕಟ್ಟುನಿಟ್ಟಾಗಿ ಕಲಿಸುತ್ತಿದ್ದರು. ಮನೆಯಲ್ಲಿಯೇ ಗಣಿತದ ಮಾಸ್ತರನಿದ್ದೂ ಏಕೆ ಕಳಿಸಿದೆನೆಂದರೆ, ಎಲ್ಲರೂ ಕಳಿಸುತ್ತಿದ್ದರು. ಅದಕ್ಕಿಂತ ದೊಡ್ಡ ಕಾರಣ ನನಗೆ ಆಗಲೂ ಇರಲಿಲ್ಲ.

ಗಣೇಶ ಚೌತಿಯಾದ ಒಂದು ವಾರಕ್ಕೆ ಅವನಿಂದ ನೀಲಿಯ ಇನ್‌ಲ್ಯಾಂಡ್ ಪತ್ರ ಬಂತು. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು, ನಾನು ಕ್ಷೇಮ ಎಂದು ಸುರುವಾಗಿ, ಗಣಿತದಲ್ಲಿ 50ಕ್ಕೆ 44 ಬಂದಿರುವುದನ್ನು ತಿಳಿಸಿ, ಕೊನೆಗೆ ಎರಡು ಸಾಲು ಇದ್ದವು. “ನಾನು ಬಹಳ ಅಭ್ಯಾಸ ಮಾಡುತ್ತಿದ್ದೇನೆ. ಪಾಸಾದರೆ ನಾನು ಮನೆಗೆ ಬರಬಹುದಲ್ಲ?”

ಪಾಸಾದರೆ ಇನ್ನೂ ಏಳು ವರ್ಷ ಮನೆಯಿಂದ ದೂರ ಇರಬೇಕಾಗುತ್ತದೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ನಾವು ಹೇಳಿರಲಿಲ್ಲವೆಂದಲ್ಲ. ಹೇಳಿದ್ದೆವು, ಸಮವಸ್ತ್ರ, ಕುದುರೆ, ಈಜು, ಪರೇಡು ಎಂದೆಲ್ಲ ಬಣ್ಣಿಸಿದ್ದೆವು. ಅದರ ಅರ್ಥ ಅವನೊಳಗೆ ಇಳಿದಿರಲಿಲ್ಲ. ಇಳಿದಿದೆಯೇ ಎಂದು ನಾನು ನೋಡಿರಲಿಲ್ಲ. ಮನೆಗೆ ಮರಳುವ ದಾರಿಯೆಂದು ತಿಳಿದು ಹುಡುಗ ಬೆಳಿಗ್ಗೆ ಐದಕ್ಕೆ ಎದ್ದು ಓದುತ್ತಿದ್ದ.

ನಾನು ಏನು ಮಾಡಿದೆ? ಪತ್ರವನ್ನು ಹೆಂಡತಿಗೆ ತೋರಿಸಲಿಲ್ಲ. ತೋರಿಸಿದ್ದರೆ ಆಕೆ ಸಂಜೆಯ ಬಸ್ಸಿಗೇ ಹೊರಡುತ್ತಿದ್ದಳು. “ಚೆನ್ನಾಗಿ ಓದು, ಪಾಸಾದ ಮೇಲೆ ಎಲ್ಲ ಒಳ್ಳೆಯದಾಗುತ್ತದೆ” ಎಂದು ಉತ್ತರ ಬರೆದೆ. ಒಂದು ಲೆಕ್ಕದಲ್ಲಿ ಒಂದು ಹಂತ ಬಿಟ್ಟರೂ ಅಂಕ ಕಳೆಯುತ್ತಿದ್ದ ಮಾಸ್ತರ ನಾನು. ನನ್ನ ಮಗ ಕೇಳಿದ ನೇರ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಮರುವರ್ಷ ಅವನು ಆಯ್ಕೆಯಾದ. ಓಣಿಗೆಲ್ಲ ಪೇಡೆ ಹಂಚಿದೆ. ಪೇಡೆಯ ಪೊಟ್ಟಣ ಕೈಯಲ್ಲಿ ಹಿಡಿದ ಹುಡುಗ, “ಹಂಗಾದರ ನಾ ಇನ್ನ ಇಲ್ಲೇ ಇರತೇನಲ್ಲ?” ಎಂದು ತಾಯಿಯನ್ನು ಕೇಳಿದ್ದು ನನ್ನ ಕಿವಿಗೂ ಬಿತ್ತು.

ಇದನ್ನು ಹೇಳಿ ಯಾರ ಕಣ್ಣಲ್ಲೂ ನೀರು ತರಿಸುವ ಉದ್ದೇಶ ನನಗಿಲ್ಲ. ಮಗ ಚೆನ್ನಾಗಿ ಓದಿದ, ಚೆನ್ನಾಗಿದ್ದಾನೆ. ಆ ಶಾಲೆಯ ಗೆಳೆಯರೆಂದರೆ ಇಂದಿಗೂ ಅವನಿಗೆ ಪ್ರಾಣ. ಪಾಡ್ಯದ ಮರುದಿನ ಟ್ರಂಕಿನಿಂದ ಆ ಪತ್ರ ತೆಗೆದು ಅವನಿಗೆ ಕೊಟ್ಟಾಗ, ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗ ಇದು ನೆನಪ ಇಲ್ಲಪ್ಪಾ. ನಾ ಈಗ ಚಲೋನ ಇದ್ದೇನಲ್ಲ?” ಎಂದ. ಇದ್ದಾನೆ. ಅದಕ್ಕೆಂದೇ ಪ್ರಶ್ನೆ ಕಠಿಣವಾಗಿದೆ. ಅವನು ಕೆಟ್ಟಿದ್ದರೆ ನನ್ನ ತಪ್ಪನ್ನು ಎಲ್ಲರೂ ಗುರುತಿಸುತ್ತಿದ್ದರು. ಫಲ ಒಳ್ಳೆಯದಾದುದರಿಂದ ಅದು ತಪ್ಪೇ ಅಲ್ಲವೆಂದು ಎಲ್ಲರೂ, ಅವನೂ, ಹೇಳುತ್ತಾರೆ. ಆದರೆ ಒಬ್ಬನ ಜೇಬಿನಿಂದ ಕೇಳದೆ ತೆಗೆದ ಹಣದಿಂದ ಅವನಿಗೇ ಹೊಲ ಕೊಂಡುಕೊಟ್ಟರೂ, ಕೇಳದೆ ತೆಗೆದದ್ದು ಕೇಳದೆ ತೆಗೆದದ್ದೇ.

“ಮಕ್ಕಳನ್ನು ಎಲ್ಲದಕ್ಕೂ ಕೇಳುತ್ತ ಕುಳಿತರೆ ಸಂಸಾರ ನಡೆದೀತೇ? ಅಕ್ಷರ ಕಲಿಸುವಾಗ ಕೇಳಿದೆವೆ? ದೇವಿ ಹಾಕಿಸುವಾಗ ಕೇಳಿದೆವೆ?” ಎಂಬ ಆಕ್ಷೇಪ ಉಂಟು. ಒಪ್ಪತಕ್ಕ ಮಾತೇ. ಆದರೆ ಅಕ್ಷರವೂ ಲಸಿಕೆಯೂ ಎಲ್ಲ ಮಕ್ಕಳಿಗೂ ದಕ್ಕುವಂಥವು. ಒಬ್ಬನಿಗೆ ಸಿಕ್ಕಿತೆಂದು ಇನ್ನೊಬ್ಬನಿಗೆ ತಪ್ಪುವುದಿಲ್ಲ. ಆಯ್ಕೆಯ ಪರೀಕ್ಷೆಯ ಹಣೆಬರಹ ಬೇರೆ. ಅಲ್ಲಿ ಹೆಚ್ಚಿನವರು ಹೊರಗುಳಿಯಲೇಬೇಕು. ಎಲ್ಲರೂ ಎಷ್ಟೇ ಚೆನ್ನಾಗಿ ಓದಿದರೂ ಸೀಟುಗಳು ಅಷ್ಟೇ. ಮಗುವನ್ನು ಅಂಥ ಪಂದ್ಯಕ್ಕೆ ಇಳಿಸುವಾಗ ಅದು ಪಂದ್ಯವೆಂಬುದಾದರೂ ಅದಕ್ಕೆ ತಿಳಿದಿರಬೇಡವೆ?

ಆದುದರಿಂದ ನನಗೆ ತೋರುವುದಿಷ್ಟು. ಮಗು ಮೂರು ಸಂಗತಿಗಳನ್ನು ತನ್ನ ಮಾತಿನಲ್ಲಿ ನಮಗೆ ತಿರುಗಿ ಹೇಳಬಲ್ಲ ದಿನವೇ ಸುರು ಮಾಡುವ ದಿನ. ಒಂದು, ಆಯ್ಕೆಯಾದರೆ ಮರುದಿನದಿಂದ ತನ್ನ ಬದುಕು ಹೇಗಿರುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ತಾಯಿಯನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತದೆ. ಎರಡು, ಕುಳಿತವರಲ್ಲಿ ಹೆಚ್ಚಿನವರು ಆಯ್ಕೆಯಾಗುವುದಿಲ್ಲ. ಆಗದಿದ್ದರೆ ತಾನು ದಡ್ಡನಾಗುವುದಿಲ್ಲ. ಮೂರು, ನಡುವೆ ಬೇಡವೆನ್ನಿಸಿದರೆ ಬೇಡವೆನ್ನಬಹುದು. ನಾವು ಹೇಳಿದ್ದನ್ನು ಗಿಳಿಯ ಹಾಗೆ ಒಪ್ಪಿಸಿದರೆ ಸಾಲದು. ಛೇದ ಸಮ ಮಾಡುವ ಲೆಕ್ಕದಂತೆಯೇ ಇದರಲ್ಲಿಯೂ ಸರಿಯುತ್ತರ ಬೇರೆ, ತಿಳಿವಳಿಕೆ ಬೇರೆ. ನಾನು ಕಂಡ ಮಟ್ಟಿಗೆ ಎಂಟು ವರ್ಷಕ್ಕೆ ಇದು ಬರುವುದಿಲ್ಲ. ಒಂಬತ್ತೂವರೆ ಹತ್ತಕ್ಕೆ ಕೆಲವರಿಗೆ ಬರುತ್ತದೆ. ಆ ರೈತನ ಮಗನಿಗೆ ಬಂದಿತ್ತು. ಅದೇ ವಯಸ್ಸಿನ ನನ್ನ ಮಗನಿಗೆ ಬಂದಿರಲಿಲ್ಲ. ಕೆಲವರಿಗೆ ಪರೀಕ್ಷೆಯ ದಿನದವರೆಗೂ ಬರುವುದಿಲ್ಲ, ಅವರನ್ನು ಕೂಡಿಸಲೇಬಾರದು.

ಮಗನಿಗೆ ಕೊಟ್ಟ ಉತ್ತರ ಹೀಗಿತ್ತು. ಈಗ ಪುಸ್ತಕವನ್ನು ಕಪಾಟಿನಲ್ಲಿಡು. ಹುಡುಗಿ ಕಥೆ ಓದಲಿ, ಆಡಲಿ, ಸಂತೆಯಲ್ಲಿ ಚಿಲ್ಲರೆ ಲೆಕ್ಕ ಮಾಡಲಿ, ಮನೆಯ ಹಂಚುಗಳನ್ನು ಎಣಿಸಲಿ. ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಬುನಾದಿ ನನಗೆ ಗೊತ್ತಿಲ್ಲ. ನಾಲ್ಕನೆಯ ಇಯತ್ತೆ ಮುಗಿದ ಬೇಸಿಗೆಯಲ್ಲಿ ಆಕೆಯನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗು. ಗೋಳಗುಮ್ಮಟವನ್ನೂ ತೋರಿಸು, ಶಾಲೆಯನ್ನೂ ತೋರಿಸು. ನಿನ್ನ ಪತ್ರದ ಕಥೆಯನ್ನೂ ಹೇಳು. ಆಮೇಲೆ ಒಂದು ತಿಂಗಳು ಆ ಮಾತೆತ್ತಬೇಡ. ತಾನಾಗಿ ಕೇಳಿದರೆ ದಿನಕ್ಕೆ ಮುಕ್ಕಾಲು ಗಂಟೆಯಂತೆ ಮನೆಯಲ್ಲಿಯೇ ಸುರು ಮಾಡು. ಫೋನಿನಲ್ಲಿ ನಾನೂ ಕಲಿಸುತ್ತೇನೆ. ಅದಕ್ಕೂ ಮೊದಲು ನಿನ್ನನ್ನೇ ಪರೀಕ್ಷಿಸಿಕೊ: ಆಯ್ಕೆಯಾಗದ ದಿನವೂ ಅಷ್ಟೇ ಪೇಡೆ ತರಬಲ್ಲೆಯಾ? ತರಲಾರೆನೆಂದು ತೋರಿದರೆ, ಹುಡುಗಿ ಎಷ್ಟೇ ಜಾಣೆಯಾಗಿದ್ದರೂ ನಿನಗಿನ್ನೂ ಹದ ಬಂದಿಲ್ಲ.

ಒಳಗಿನಿಂದ ಕೇಳುತ್ತಿದ್ದ ಸೊಸೆ ಹೊರಗೆ ಬಂದಳು. “ಮಾವಾರ, ನೀವು ಹೇಳೂದೆಲ್ಲ ಖರೆ. ಆದರ ಆಕಿ ಓರಗಿಯವರೆಲ್ಲ ಈಗಿಂದನ ಸುರು ಮಾಡ್ಯಾರ. ನಾವು ಎರಡು ವರ್ಷ ಕಾದು, ನಾಕು ಮಾರ್ಕಿಗೆ ಸೀಟ್ ಹೋದರ, ದೊಡ್ಡಾಕಿ ಆದ ಮ್ಯಾಲೆ ಆಕಿ ನಮ್ಮನ್ನ ಏನಂದಾಳು?”

ನನ್ನಲ್ಲಿ ಇದಕ್ಕೆ ಪೂರ್ತಿ ಉತ್ತರವಿರಲಿಲ್ಲ. ಬುದ್ಧಿಶಕ್ತಿಯ ಪ್ರಶ್ನೆಗಳಿಗೆ ಬೇಗ ಸುರು ಮಾಡಿ ಹೆಚ್ಚು ಗಳಿಸುವುದಿಲ್ಲವೆಂದು ಹೇಳಬಲ್ಲೆ. ಅರ್ಧ ಅಂಕ ಗಣಿತಕ್ಕಿರುವ ಪರೀಕ್ಷೆಯಲ್ಲಿ, ಪ್ರಶ್ನೆಗೆ 72 ಸೆಕೆಂಡಿನ ಓಟದಲ್ಲಿ, ಎರಡು ವರ್ಷ ಹೆಚ್ಚು ತಿಕ್ಕಿಸಿಕೊಂಡ ಮಗು ನಾಲ್ಕು ಅಂಕ ಮುಂದೆ ಹೋಗುವುದೇ ಇಲ್ಲವೆಂದು ಹೇಳಲಾರೆ. ಕಾಯಿರಿ ಎಂದು ಉಪದೇಶ ಮಾಡುವವನು ಕಾಯುವುದಕ್ಕೂ ಬೆಲೆಯುಂಟೆಂದು ಒಪ್ಪಿಕೊಳ್ಳಬೇಕು. ಆ ಬೆಲೆಯನ್ನು ತೆರುವವನು ನಾನಲ್ಲ, ನನ್ನ ಮೊಮ್ಮಗಳು.

“ಸೀಟು ಹೋದರ ಮುದುಕ ಕೆಡಿಸಿದ ಅಂತ ಆಕಿಗೆ ಹೇಳ್ರಿ. ನಾ ಇದ್ದರ ನಾನ ಹೇಳತೇನಿ, ಹಿಂಗ್ಯಾಕ ಅಂದೆ ಅಂತ” ಎಂದೆ. ಆ ಮಾತನ್ನಾದರೂ ಆಕೆಗೆ ನೇರವಾಗಿ ಹೇಳಬೇಕೆಂದಿದ್ದೇನೆ. ಮೂವತ್ತೈದು ವರ್ಷದ ಹಿಂದೆ ಒಬ್ಬ ಹುಡುಗನಿಗೆ ನೇರವಾಗಿ ಹೇಳುವುದು ನನ್ನಿಂದ ಆಗಿರಲಿಲ್ಲ.